ಮೊದಲು ಲೆನ್ಸೋ, ತಾಳ್ಮೆಯೋ?

ಶಿವಮೊಗ್ಗ ಬಳಿಯ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡ ವಿಮಾನ ನಿಲ್ದಾಣದ ಕಮಲದಾಕಾರದ ಕಟ್ಟಡ 18 ಮಿ.ಮೀ. ಲೆನ್ಸಿನಲ್ಲಿ ಇಡಿಯಾಗಿ ಸಿಗುತ್ತದೆ. ಅದೇ ಲೆನ್ಸ್ ಹಿಡಿದು ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಹೋಗಿ. ತುಂಗೆಯ ನಡುಗಡ್ಡೆಯಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿಗಳು ಬರೀ ಬಿಳಿ ಚುಕ್ಕೆಗಳು! 'ಅಪ್ಪಾ, ದೊಡ್ಡ ಲೆನ್ಸ್ ಕೊಡಿಸು' ಎಂಬ ಹಟ ಶುರುವಾಗುವುದೇ ಅಲ್ಲಿ.

ಪೋಷಕರೇ, ಬೆಲೆ ಕೇಳಿ ಬೆಚ್ಚುವ ಮೊದಲು ಒಂದು ಲೆಕ್ಕ ತಿಳಿಯಿರಿ. 300 ಮಿ.ಮೀ. ಲೆನ್ಸ್ ಹಕ್ಕಿಯನ್ನಷ್ಟೇ ಅಲ್ಲ, ಕೈನಡುಕವನ್ನೂ ಹಿಗ್ಗಿಸುತ್ತದೆ. ಷಟರ್ ವೇಗ ಸೆಕೆಂಡಿನ 1/300ಕ್ಕಿಂತ ನಿಧಾನವಾಗಬಾರದು ಎಂಬುದು ಹಳೆಯ ಸೂತ್ರ. ಗೂಡು ಕಟ್ಟುವ ಕಾಲವೋ ಮಳೆಗಾಲ, ಬೆಳಕು ಮಂದ. ಎಫ್ 2.8 ಲೆನ್ಸ್ ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಬಿಡುತ್ತದೆ; ಬೆಲೆ ಏರುವುದೂ ಅದಕ್ಕೇ. ನಡುಕ ತಡೆಯುವ ಈಗಿನ ಲೆನ್ಸ್ ಕೂಡ ರೆಕ್ಕೆ ಬಡಿತವನ್ನು ನಿಲ್ಲಿಸಲಾರದು.

ವಿದ್ಯಾರ್ಥಿಗಳೇ, ಒಂದು ವರ್ಷ ಇರುವ ಕ್ಯಾಮೆರಾದಲ್ಲೇ ಅಂಗಳದ ಹಕ್ಕಿಗಳ ಚಿತ್ರ ತೆಗೆಯಿರಿ. ಯಾವ ಹಕ್ಕಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಕೊಂಬೆಯಲ್ಲಿ ಕೂರುತ್ತದೆ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಅವರಿಗೆ ಹಕ್ಕಿಗಳ ಚಿತ್ರ ದಕ್ಕಿದ್ದು ಕಾದು ನೋಡಿದ್ದಕ್ಕೆ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ತಾಯಿಹಕ್ಕಿ ಮರಿ ಬಿಟ್ಟು ಹಾರೀತು.

ನೋಟ್‌ಬುಕ್ ತುಂಬಿದ ಮೇಲೂ ಮಗು ಲೆನ್ಸ್ ಕೇಳಿದರೆ, ಪೋಷಕರೇ, ಆಗ ಯೋಚಿಸಬೇಡಿ, ಕೊಡಿಸಿ.