ಮತ್ತಾಯ 18 ಮತ್ತು ಮಕ್ಕಳ ಸುರಕ್ಷೆಯ ತರಬೇತಿ

ಸಭೆಯೊಳಗೆ ಮಗುವಿನ ಮೇಲೆ ದೌರ್ಜನ್ಯವಾದಾಗ, ಮತ್ತಾಯ 18:15ನ್ನು ಆಧಾರವಾಗಿಟ್ಟು 'ತಪ್ಪಿತಸ್ಥನನ್ನು ಏಕಾಂತದಲ್ಲಿ ತಿದ್ದೋಣ' ಎನ್ನುವವರುಂಟು. ಅದೇ ಅಧ್ಯಾಯವು ಶಿಷ್ಯರ ನಡುವೆ ನಿಲ್ಲಿಸಲ್ಪಟ್ಟ ಮಗುವಿನಿಂದ ಆರಂಭವಾಗುತ್ತದೆಂಬುದನ್ನು ಅವರು ಗಮನಿಸುವುದಿಲ್ಲ. ಚಿಕ್ಕವರಿಗೆ ಅಡ್ಡಿಯಾಗುವವನ ಕುರಿತ ಬೀಸುವ ಕಲ್ಲಿನ ಎಚ್ಚರಿಕೆ ಮೊದಲು. ಸಹೋದರನನ್ನು ತಿದ್ದುವ ಕ್ರಮ ಅನಂತರ.

ಕಾನೂನೂ ಸ್ಪಷ್ಟವಾಗಿದೆ. 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ, 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರೂ ನಡೆಯಬಹುದೆಂದು ಶಂಕಿಸುವವರೂ ಪೊಲೀಸರಿಗೆ ತಿಳಿಸತಕ್ಕದ್ದು. ಕೈಕೆಳಗಿನವರ ಕೃತ್ಯವನ್ನು ವರದಿಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸಭಾ ಸಮಿತಿಯ ವಿಚಾರಣೆ ಇದಕ್ಕೆ ಬದಲಿಯಲ್ಲ.

ಆದುದರಿಂದ ಭಾನುವಾರ ಶಾಲೆಯ ಶಿಕ್ಷಕರಿಗೂ ಶಿಬಿರದ ಸ್ವಯಂಸೇವಕರಿಗೂ ಮೊದಲು ಕಲಿಸಬೇಕಾದದ್ದು ಕೇಳುವ ಕ್ರಮ: ಮಗುವನ್ನು ಪದೇಪದೇ ಪ್ರಶ್ನಿಸದೆ, ಗುಟ್ಟಾಗಿಡುವೆನೆಂದು ಮಾತುಕೊಡದೆ, ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡುವುದು. ಮಕ್ಕಳ ಸಹಾಯವಾಣಿ 1098 ಪ್ರತಿ ತರಗತಿಯ ಗೋಡೆಯ ಮೇಲಿರಲಿ. ಹೆತ್ತವರಿಗೆ ತಿಳಿಸಬೇಕಾದದ್ದು ಹೆಚ್ಚು ಕಠಿಣವಾದುದು: ಅಪಾಯವು ಬಹುಮಟ್ಟಿಗೆ ಪರಿಚಿತರಿಂದಲೇ ಬರುತ್ತದೆ, ಉಡುಗೊರೆ, ವಿಶೇಷ ಅಕ್ಕರೆ, ಹಂಚಿಕೊಂಡ ಗುಟ್ಟುಗಳ ಮೂಲಕ ಮನೆಯವರ ವಿಶ್ವಾಸವನ್ನೂ ಗಳಿಸಿರುತ್ತದೆ. ಸಭಾಪಾಲಕರೂ ಈ ತರಬೇತಿಯಲ್ಲಿ ಉಳಿದವರೊಡನೆ ಕುಳಿತುಕೊಳ್ಳಬೇಕು.