ಬೋರ್ಡೋ ಸರಿಯಾಗಿದೆಯಾ? ಅಕ್ಕೋರ ಚಾಕು ಹೇಳುತ್ತೆ

ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಯಾವ ಅಡಿಕೆ ಬೆಳೆಗಾರನನ್ನು ಕೇಳಿದ್ರೂ ಬೋರ್ಡೋ ದ್ರಾವಣದ ಈ ಲೆಕ್ಕ ಬಾಯಿಪಾಠ. ಆದರೂ ಕೆಲವು ತೋಟಗಳಲ್ಲಿ ಔಷಧಿ ಹೊಡೆದ ಮೇಲೆ ಎಳೆಕಾಯಿ ಸುಟ್ಟಂತಾಗುತ್ತೆ. ಇದಕ್ಕೆ ಒಂದು ಕಾರಣವನ್ನು, ಕೆಲಸದ ಮೇಲೆ ಕರಾವಳಿಗೆ ಹೋಗಿದ್ದಾಗ ಹೊನ್ನಾವರದ ಹತ್ತಿರದ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಕಣ್ಣೆದುರೇ ತೋರಿಸಿದರು.

ಊರಿಗೆಲ್ಲ ಅವರು ಅಕ್ಕೋರು. ಮಳೆಗಾಲಕ್ಕೆ ಮುಂಚೆ ಸುತ್ತಲಿನ ಹುಡುಗರನ್ನು ಅಂಗಳದಲ್ಲಿ ಸೇರಿಸಿ ಪಾಠ ಮಾಡ್ತಾರೆ. ಅವತ್ತು ಎರಡು ಪ್ಲಾಸ್ಟಿಕ್ ಬಕೆಟ್‌ನಲ್ಲಿ ದ್ರಾವಣ ಮಾಡಿಟ್ಟಿದ್ದರು. ಒಂದಕ್ಕೆ ಹೊಸ ಸುಣ್ಣ, ಇನ್ನೊಂದಕ್ಕೆ ಬಾಯಿ ತೆರೆದೇ ಬಿದ್ದಿದ್ದ ಹೋದ ವರ್ಷದ ಚೀಲದ್ದು. ತೂಕ ಒಂದೇ, ನೋಡೋಕೆ ಎರಡೂ ನೀಲಿ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿದರು. ಮೊದಲನೆಯದರಿಂದ ಹಾಗೇ ಬಂತು. ಎರಡನೆಯದರಿಂದ ಎತ್ತಿದಾಗ ಅಲಗಿನ ಮೇಲೆ ಕೆಂಪು ತಾಮ್ರ ಕೂತಿತ್ತು.

"ಹತ್ತನೇ ಕ್ಲಾಸಲ್ಲಿ ತುತ್ತದ ನೀರಿಗೆ ಮೊಳೆ ಹಾಕಿದ್ದು ನೆನಪಿದ್ಯಾ ತಮಾ?"

ಅದೇ ಪ್ರಯೋಗ! ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತೆ. ತಕ್ಕಡಿಗೆ ಅದೂ ಒಂದು ಕೆಜಿಯೇ, ಆದರೆ ತುತ್ತವನ್ನು ಹದಕ್ಕೆ ತರುವ ಕಸುವು ಇರಲ್ಲ. ಉಳಿದ ತಾಮ್ರ ಕಾಯಿಯನ್ನು ಸುಡುತ್ತೆ. ತೋಟಗಾರಿಕೆ ಡಿಗ್ರಿಯಲ್ಲಿ ನಾನೂ ಈ ಪರೀಕ್ಷೆ ಬರೆದು ಅಂಕ ತಗೊಂಡವನೇ. ಹಾಳು ಸುಣ್ಣವನ್ನು ಪಕ್ಕದಲ್ಲಿಟ್ಟು ತೋರಿಸಿದವರು ಮಾತ್ರ ಇವರೇ ಮೊದಲು.

ಚಾಕು ಕೆಂಪಾದ್ರೆ ದ್ರಾವಣ ಚೆಲ್ಲಬೇಕಾಗಿಲ್ಲ. ಹೊಸ ಸುಣ್ಣದ ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಕಿ, ಚಾಕು ಉಜ್ಜಿ ಮತ್ತೆ ಅದ್ದಿ. ಮೊದಲು ಬೆರೆಸುವಾಗಲೂ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರೀರಿ, ಸುಣ್ಣವನ್ನು ತುತ್ತಕ್ಕಲ್ಲ. ಕಬ್ಬಿಣದ ಪಾತ್ರೆ ಬೇಡ. ಮಾಡಿದ ದಿನವೇ ಹೊಡೆದು ಮುಗಿಸಿ. ಮುಂಗಾರಿಗೆ ಮುಂಚೆ ಒಂದು ಸಲ, 40-45 ದಿನದ ಮೇಲೆ ಇನ್ನೊಂದು ಸಲ.

"ಸಾವಯವದವ್ರು ತುತ್ತ ಹೊಡೀಬಹುದಾ?" ಒಬ್ಬ ಹುಡುಗ ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ನಿರ್ಬಂಧದೊಳಗೆ ಅವಕಾಶ ಇದೆ, ಪ್ರಮಾಣೀಕರಣ ಸಂಸ್ಥೆಯನ್ನು ಮೊದಲೇ ಕೇಳಿ, ಹೊಡೆದ ಲೆಕ್ಕ ಬರೆದಿಡಿ ಅಂದೆ. ತಾಮ್ರ ಮಣ್ಣಲ್ಲಿ ಕರಗಿ ಹೋಗಲ್ಲ, ವರ್ಷ ವರ್ಷ ಸೇರುತ್ತಾ ಹೋಗುತ್ತೆ. ಅದಕ್ಕೇ ನಾನು ಇದರಲ್ಲಿ ಜಿಪುಣ. ಉದುರಿದ ಕೊಳೆಕಾಯಿ ಹೆಕ್ಕಿ ತೋಟದಿಂದಾಚೆ ಸಾಗಿಸೋದು, ಕೊನೆಗೆ ಕೊಟ್ಟೆ ಕಟ್ಟೋದು ಇದ್ದೇ ಇದೆ.

ಕೊನೆಗೌಡ ಸಿಗೋದೇ ಕಷ್ಟ. ಮಳೆ ಬಿಡುವು ಕೊಟ್ಟ ಒಂದು ದಿನ ಅವನು ಬಂದಾಗ ಬ್ಯಾರಲ್ ಕೆಟ್ಟಿದ್ರೆ ಕೂಲಿಯೂ ಹೋಯ್ತು, ಫಸಲೂ ಹೋಯ್ತು. ಅಕ್ಕೋರ ಹುಡುಗರು ಇದಕ್ಕೊಂದು ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದ್ದಾರೆ. ಅದ್ದಿದ ಚಾಕುವಿನ ಫೋಟೋ ಗ್ರೂಪಿಗೆ ಬೀಳದೆ ಅಲ್ಲಿ ಯಾರೂ ಮರ ಹತ್ತಿಸಲ್ಲ.