ಸೀಟೇ ಬಹುಮಾನವಾದಾಗ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಮತ್ತು ಆಮ್‌ಹರ್ಸ್ಟ್ ಕಾಲೇಜುಗಳದು ದಾಯಾದಿ ಸಂಬಂಧ. 1793ರಲ್ಲಿ ಸ್ಥಾಪನೆಯಾದ ವಿಲಿಯಮ್ಸ್‌ನ ಅಧ್ಯಕ್ಷರೇ 1821ರಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ಹೊರಟು ಆಮ್‌ಹರ್ಸ್ಟ್‌ನ ಮೊದಲ ಅಧ್ಯಕ್ಷರಾದರು. ಅಲ್ಲಿನ ಮೊದಲ ಅಂತರ ಕಾಲೇಜು ಬೇಸ್‌ಬಾಲ್ ಪಂದ್ಯ 1859ರಲ್ಲಿ ನಡೆದದ್ದು ಇವೆರಡರ ನಡುವೆಯೇ. 73-32ರಿಂದ ಗೆದ್ದ ಆಮ್‌ಹರ್ಸ್ಟ್, ಮರುದಿನ ಚದುರಂಗದಲ್ಲೂ ಗೆದ್ದಿತೆಂಬುದು ನನಗೆ ಹೆಚ್ಚು ಪ್ರಿಯವಾದ ಸಂಗತಿ.

ಇವೆರಡೂ ಸೇರಿ ನ್ಯೂ ಇಂಗ್ಲೆಂಡ್ ಸಣ್ಣ ಕಾಲೇಜುಗಳ ಕ್ರೀಡಾ ಒಕ್ಕೂಟದಲ್ಲಿ ಇಂದು ಹನ್ನೊಂದು ಸದಸ್ಯ ಕಾಲೇಜುಗಳಿವೆ. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲವೆಂಬುದು ಇಲ್ಲಿನ ನಿಯಮ. ಕೇಳಲು ಹಿತವಾಗಿದೆ. ಆದರೆ ಹಣವನ್ನು ನಿಷೇಧಿಸಿದ ಕಡೆ ಬೆಲೆ ಬೇರೆ ವೇಷ ತೊಡುತ್ತದೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಇಲ್ಲಿ ಆ ವೇಷ ಪ್ರವೇಶದ ಸೀಟು. ತರಬೇತುದಾರರು ಬಯಸಿದ ಆಟಗಾರರಿಗೆ ಆದ್ಯತೆ ದೊರೆಯುವುದನ್ನೂ, ಅವರು ಓದಿನಲ್ಲಿ ನಿರೀಕ್ಷೆಗಿಂತ ಹಿಂದುಳಿಯುವುದನ್ನೂ ಅರ್ಥಶಾಸ್ತ್ರಜ್ಞ ವಿಲಿಯಂ ಬೋವೆನ್ ಮತ್ತು ಸಾರಾ ಲೆವಿನ್ 2003ರಲ್ಲೇ ತೋರಿಸಿದ್ದರು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಇದು ಕಣ್ಣಿಗೆ ಬೀಳದು. ಎರಡು ಸಾವಿರದಷ್ಟು ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಮೂರನೇ ಒಂದು ಭಾಗದಷ್ಟು ಆಟಗಾರರಾದರೆ? ಸ್ಕ್ವಾಷ್, ದೋಣಿ ಹುಟ್ಟುಹಾಕುವ ಸ್ಪರ್ಧೆಗಳೇನೂ ಬಡವರ ಕೇರಿಯ ಆಟಗಳಲ್ಲ.

ಆಮ್‌ಹರ್ಸ್ಟ್ 2021ರಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಿದ್ದ ಆದ್ಯತೆಯನ್ನು ಕೈಬಿಟ್ಟಿತು. ವಿಲಿಯಮ್ಸ್ 2022ರಲ್ಲಿ ತನ್ನ ಆರ್ಥಿಕ ನೆರವಿನಿಂದ ಸಾಲವನ್ನೇ ತೆಗೆದುಹಾಕಿತು. ಎರಡೂ ಶ್ಲಾಘ್ಯವೇ. ಆದರೆ ತರಬೇತುದಾರರ ಪಟ್ಟಿಗೆ ಒಬ್ಬರೇ ಕತ್ತರಿ ಹಾಕಿದರೆ ಮರುವರ್ಷ ಮೈದಾನದಲ್ಲಿ ಸೋಲು ಖಚಿತ. ಆದ್ದರಿಂದ ಹನ್ನೊಂದೂ ಕಾಲೇಜುಗಳು ಒಂದೇ ಮೇಜಿನ ಸುತ್ತ ಕುಳಿತು ಅದನ್ನು ಮೊಟಕುಗೊಳಿಸಬೇಕು. ವಿದ್ಯಾರ್ಥಿವೇತನ ಬೇಡವೆಂದು ಒಮ್ಮತದಿಂದ ಒಪ್ಪಿದವರಿಗೆ ಇದೇನು ಅಸಾಧ್ಯವಲ್ಲ.